ಬಂಡೆ ಕೊರೆದ ಗುಡಿ, ಉಬ್ಬುಶಿಲ್ಪ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಮಹಾಬಲಿಪುರಕ್ಕೋ ಬಾದಾಮಿಗೋ ಹೋಗುವವರಿಗಾಗಿ ಈ ಪುಟ. ಇತಿಹಾಸದ ಪಾಠ ಇಲ್ಲಿ ಕಡಿಮೆ. ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕು, ಏನು ನೋಡಬೇಕು, ಎಲ್ಲಿ ಎಡವುತ್ತಾರೆ ಎಂಬುದೇ ಹೆಚ್ಚು.

ಬಂಡೆ ಕೊರೆದ ಗುಡಿ ಅಂದರೆ ಯಾವುದು? ಕಲ್ಲಿನ ಗುಡಿಗಳೆಲ್ಲ ಅದೇ ಅಲ್ಲವೆ?

ಅಲ್ಲ. ನಮ್ಮ ಕಡೆ ಕಾಣುವ ಹಳೆಯ ಗುಡಿಗಳಲ್ಲಿ ಹೆಚ್ಚಿನವು ಕಟ್ಟಿದವು. ಕಲ್ಲನ್ನು ಬೇರೆಡೆ ಸೀಳಿ, ತಂದು, ಒಂದರ ಮೇಲೊಂದು ಕೂರಿಸಿದ್ದಾರೆ. ಬಂಡೆ ಕೊರೆದ ಗುಡಿಯಲ್ಲಿ ಏನನ್ನೂ ತಂದು ಇಟ್ಟಿಲ್ಲ. ತೆಂಗಿನಕಾಯಿಯ ಒಳಗನ್ನು ತುರಿದು ಚಿಪ್ಪು ಉಳಿಸಿದಂತೆ, ಬೇಡದ ಕಲ್ಲನ್ನು ತೆಗೆದು ಕಂಬ, ಗೋಡೆ, ಸೂರು, ಕೆಲವೆಡೆ ದೇವರನ್ನೂ ಇದ್ದಲ್ಲೇ ಉಳಿಸಿದ್ದಾರೆ. ಇದರಲ್ಲೂ ಎರಡು ಬಗೆ. ಬೆಟ್ಟದ ಪಕ್ಕೆ ಕೊರೆದು ಒಳಗೆ ಹೋದರೆ ಗುಹಾಲಯ. ಬಂಡೆಯ ಹೊರಗನ್ನೂ ಕಡಿದು ಬಿಡಿ ಗುಡಿಯ ರೂಪ ಕೊಟ್ಟರೆ ಏಕಶಿಲಾ ಗುಡಿ. ಮಹಾಬಲಿಪುರದಲ್ಲಿ ರಥ ಎಂದು ಕರೆಯುವ ಗುಡಿಗಳು ಈ ಎರಡನೆಯ ಬಗೆಯವು. ಬಂಡೆಯ ಮೈಮೇಲೆ ಮಾತ್ರ ಬಿಡಿಸಿದ್ದು ಉಬ್ಬುಶಿಲ್ಪ.

ಗುರುತಿಸುವುದು ಸುಲಭ: ಸಂದು ಹುಡುಕಿ. ಗೋಡೆಯಲ್ಲಿ ಕಲ್ಲು ಕಲ್ಲಿಗೆ ಕೂಡುವ ಗೆರೆ ಕಂಡರೆ ಕಟ್ಟಿದ ಗುಡಿ. ಮಹಾಬಲಿಪುರದ ಸಮುದ್ರ ತೀರದ ದೇವಾಲಯವನ್ನೂ ಬಹಳ ಜನ ಕೊರೆದದ್ದೆಂದು ನಂಬಿ ಬರುತ್ತಾರೆ. ಹತ್ತಿರ ಹೋದರೆ ಸಂದುಗಳು ಕಾಣುತ್ತವೆ. ಅದು ಕ್ರಿ.ಶ. 700ರ ಆಸುಪಾಸಿನಲ್ಲಿ ಪಲ್ಲವರ ರಾಜಸಿಂಹ ಕಟ್ಟಿಸಿದ್ದು.

ನಮ್ಮ ಮೂರು ಜಿಲ್ಲೆಗಳಲ್ಲಿ ಅಂಥದ್ದೇನಿದೆ?

ಬಾದಾಮಿಯಂತೆ ಸಾಲುಸಾಲಾಗಿ ಕೊರೆದ ಗುಹೆ ಇಲ್ಲಿಲ್ಲ. ಅದನ್ನು ಹುಡುಕುತ್ತಾ ಬೆಟ್ಟ ಹತ್ತಿದರೆ ನಿರಾಸೆಯೇ. ಶಿವಗಂಗೆ, ಸಿದ್ಧಗಂಗೆಯ ಗವಿಗಳೂ ಅಂತರಗಂಗೆಯ ಬೆಟ್ಟದ ಗುಹೆಗಳೂ ಮೂಲತಃ ಬಂಡೆಗಳ ನಡುವೆ ತಾನಾಗಿ ಆದವು. ಗವಿಯಲ್ಲಿ ಗುಡಿ ಮಾಡಿಕೊಳ್ಳುವುದು ಬೇರೆ, ಬಂಡೆ ಕೊರೆದು ಗುಡಿ ಮಾಡುವುದು ಬೇರೆ. ಆದರೆ ಶಿವಗಂಗೆಯ ತುದಿಯ ಹತ್ತಿರ ಇರುವ ನಂದಿಯ ವಿಗ್ರಹವನ್ನು ಅಲ್ಲಿನ ಬಂಡೆಯಲ್ಲೇ ಬಿಡಿಸಿದ್ದಾರೆ. ಬೆಟ್ಟ ತುಮಕೂರು ಜಿಲ್ಲೆಯ ಗಡಿ ದಾಟಿದರೂ ದಾಬಸ್‌ಪೇಟೆಯಿಂದ ಹತ್ತಿರ.

ಉಬ್ಬುಶಿಲ್ಪದ ಮಟ್ಟಿಗೆ ಮಾತ್ರ ನಾವು ಬಡವರಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ಗುಡಿ 9ನೆಯ ಶತಮಾನದ್ದು. ಅದರ ಜಾಲಂದ್ರಗಳನ್ನು, ಅಂದರೆ ಕಲ್ಲಿನ ಜಾಲರಿ ಕಿಟಕಿಗಳನ್ನು, ನೋಡದೆ ಬರಬೇಡಿ: ಒಂದರಲ್ಲಿ ಕುಣಿಯುವ ಶಿವ, ಇನ್ನೊಂದರಲ್ಲಿ ಕೋಣನ ತಲೆಯ ಮೇಲೆ ನಿಂತ ದುರ್ಗೆ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳ ಗುಂಪಿದೆ. ಅದರಲ್ಲಿ ಲಕ್ಷ್ಮಣೇಶ್ವರದ ಹೊರಗೋಡೆ ಬಿಡುವಾಗಿ ನೋಡುವಂಥದ್ದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಮಾಳಿಗೆಯಲ್ಲಿ ನಟರಾಜನ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಈ ಮೂರು ಜಿಲ್ಲೆಯಲ್ಲಿ ಒಂದೇ ಶಿಲ್ಪ ನೋಡಲು ಸಮಯವಿದ್ದರೆ ನಮ್ಮ ಮತ ಅದಕ್ಕೇ.

ದೂರದ ಪ್ರವಾಸಕ್ಕೆ ಮೊದಲು ಇವುಗಳಲ್ಲಿ ಒಂದನ್ನಾದರೂ ನೋಡಿ ಹೋಗಿ. ಅಲ್ಲಿ ಕಣ್ಣು ಪಳಗಿದ್ದರೆ ಮಹಾಬಲಿಪುರದಲ್ಲಿ ಅರ್ಧ ದಿನ ಉಳಿಯುತ್ತದೆ.

ಕೈವಾರದ ಹತ್ತಿರದ ಕೈಲಾಸಗಿರಿ ಗುಹೆಗಳು ಪುರಾತನವೆ?

ಅಲ್ಲ, ಈಚಿನ ದಶಕಗಳಲ್ಲಿ ಕೊರೆದವು. ಆದರೂ ಹೋಗಿ ನೋಡಿ. ಇಡೀ ಬೆಟ್ಟವನ್ನು ಒಳಗಿನಿಂದ ಟೊಳ್ಳು ಮಾಡುವುದೆಂದರೆ ಎಷ್ಟು ಕೆಲಸ ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ.

ಮೊದಲ ಸಲಕ್ಕೆ ಮಹಾಬಲಿಪುರ ಒಳ್ಳೆಯದೋ ಬಾದಾಮಿಯೋ?

ಕೋಲಾರ, ಚಿಂತಾಮಣಿ, ಮುಳಬಾಗಿಲಿನವರಿಗೆ ಮಹಾಬಲಿಪುರ. ತುಮಕೂರು, ಸಿರಾ, ತಿಪಟೂರಿನವರಿಗೆ ಬಾದಾಮಿ. ದೂರವೊಂದೇ ಇದಕ್ಕೆ ಕಾರಣ. ಗುಣದಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಎನ್ನುವಂತಿಲ್ಲ.

ವಯಸ್ಸಿನಲ್ಲಿ ಬಾದಾಮಿ ಹಿರಿದು. ಅಲ್ಲಿನ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವೇ ಇದೆ. ಮಹಾಬಲಿಪುರದ ಮುಖ್ಯ ಕೆಲಸ ಒಂದನೆಯ ನರಸಿಂಹವರ್ಮನ ಕಾಲಕ್ಕೆ, ಸುಮಾರು 630ರ ನಂತರಕ್ಕೆ ಬರುತ್ತದೆ. ಅದೇ ನರಸಿಂಹವರ್ಮ 642ರಲ್ಲಿ ಇಮ್ಮಡಿ ಪುಲಿಕೇಶಿಯ ಬಾದಾಮಿಯನ್ನು ಹಿಡಿದ. ಎರಡೂ ಊರು ನೋಡಿದವರಿಗೆ ಈ ಜಗಳ ಶಿಲ್ಪದಲ್ಲೂ ನಡೆದಿತ್ತೇನೋ ಅನಿಸದೆ ಇರದು.

ದಾರಿ ಹೇಗೆ? ಎಷ್ಟು ಹೊತ್ತು?

ಕೋಲಾರದಿಂದ ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ, ಕಾಂಚೀಪುರ, ಚೆಂಗಲ್ಪಟ್ಟು ಮಾರ್ಗವಾಗಿ ಮಹಾಬಲಿಪುರಕ್ಕೆ ಸುಮಾರು 270–280 ಕಿ.ಮೀ. ಕಾರಿನಲ್ಲಿ ತಿಂಡಿ, ಟೀ ಸೇರಿ ಆರು ಗಂಟೆ ಇಟ್ಟುಕೊಳ್ಳಿ. ಚಿಕ್ಕಬಳ್ಳಾಪುರದವರು ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಬಂದು ಕೋಲಾರದ ಬಳಿ ಇದೇ ದಾರಿ ಸೇರಬಹುದು. ಮಹಾಬಲಿಪುರಕ್ಕೆ ರೈಲಿಲ್ಲ. ಹತ್ತಿರದ ದೊಡ್ಡ ನಿಲ್ದಾಣ ಚೆಂಗಲ್ಪಟ್ಟು, ಅಲ್ಲಿಂದ ಬಸ್ಸಿನಲ್ಲಿ ಸುಮಾರು 30 ಕಿ.ಮೀ.

ಬೆಳಗ್ಗೆ ಹೊರಟು ಮಧ್ಯಾಹ್ನ ತಲುಪಿ ಸಂಜೆ ವಾಪಸು ಹೊರಡುವ ಯೋಜನೆ ಬೇಡ. ನೋಡಬೇಕಾದ ಹೊತ್ತೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಮಧ್ಯಾಹ್ನ ಹೊರಟು ರಾತ್ರಿ ಅಲ್ಲಿ ಉಳಿದು ಮರುದಿನ ಪೂರ್ತಿ ನೋಡಿ.

ತುಮಕೂರಿನಿಂದ ಬಾದಾಮಿಗೆ ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್ ಮೇಲೆ ಸುಮಾರು 380 ಕಿ.ಮೀ. ರಸ್ತೆಗಿಂತ ರೈಲು ಸುಖ. ಹುಬ್ಬಳ್ಳಿ–ಗದಗ ಮಾರ್ಗದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ರಾತ್ರಿ ತುಮಕೂರು ದಾಟಿ ಹಗಲಿಗೆ ಬಾದಾಮಿ ಮುಟ್ಟಿಸುತ್ತದೆ. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ಆಚೆ ಇದೆ, ಆಟೊ ಸಿಗುತ್ತವೆ.

ಯಾವ ತಿಂಗಳು ಹೋಗಬೇಕು?

ಎರಡಕ್ಕೂ ಜನವರಿ, ಫೆಬ್ರವರಿ. ಮಹಾಬಲಿಪುರಕ್ಕೆ ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು ಮಳೆಯ ಕಾಲ, ಚಂಡಮಾರುತವೂ ಅದೇ ಹೊತ್ತಿಗೆ. ನಮ್ಮಲ್ಲಿ ಜೂನ್‌ನಲ್ಲಿ ಮೋಡ ಕವಿದು ತಂಪಾದರೆ ಅಲ್ಲೂ ಹಾಗೇ ಎಂದುಕೊಂಡು ಹೋಗುವವರು ಸುಟ್ಟುಕೊಂಡು ಬರುತ್ತಾರೆ. ಆಗ ಅಲ್ಲಿ ಕಡು ಬೇಸಿಗೆ. ಬಾದಾಮಿಯಲ್ಲಿ ಮಾರ್ಚ್ ಮಧ್ಯದಿಂದಲೇ ಮಧ್ಯಾಹ್ನ ಮೆಟ್ಟಿಲು ಕಾಯುತ್ತವೆ.

ಶನಿವಾರ, ಭಾನುವಾರ ಚೆನ್ನೈನವರೆಲ್ಲ ಮಹಾಬಲಿಪುರದಲ್ಲಿರುತ್ತಾರೆ. ವಾರದ ನಡುವೆ ರಜೆ ಹಾಕಲು ಆದರೆ ಹಾಕಿ.

ಯಾವ ಶಿಲ್ಪವನ್ನು ಯಾವ ಹೊತ್ತಿಗೆ ನೋಡಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವವರು ಇದನ್ನು ಓದಿ. ಉಬ್ಬುಶಿಲ್ಪಕ್ಕೆ ಬಣ್ಣವಿಲ್ಲ. ಅದು ಕಾಣುವುದು ನೆರಳಿನಿಂದ. ಬಿಸಿಲು ನೇರ ಎದುರಿನಿಂದ ಬಿದ್ದರೆ ನೆರಳು ಶಿಲ್ಪದ ಹಿಂದೆ ಅಡಗಿ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದಲೋ ಮೇಲಿನಿಂದಲೋ ಗೋಡೆಯನ್ನು ಸವರಿಕೊಂಡು ಹೋದರೆ ಬೆರಳು, ಸೊಂಟಪಟ್ಟಿ, ಪ್ರಾಣಿಗಳ ಪಕ್ಕೆಲುಬು ಎದ್ದು ಬರುತ್ತವೆ. ಅದೇ ಶಿಲ್ಪ, ಎರಡು ಗಂಟೆ ಆಚೀಚೆ ಆದರೆ ಬೇರೆಯೇ.

ಅರ್ಜುನನ ತಪಸ್ಸು ಎಂದೂ ಕರೆಯುವ ಮಹಾಬಲಿಪುರದ ದೊಡ್ಡ ಉಬ್ಬುಶಿಲ್ಪ ಪೂರ್ವಕ್ಕೆ ಮುಖ ಮಾಡಿದೆ. ಸೂರ್ಯ ಹುಟ್ಟಿದ ಕೂಡಲೇ ಬಿಸಿಲು ಎದುರಿನಿಂದ ಬೀಳುತ್ತದೆ. ಬಣ್ಣ ಚೆಂದ, ವಿವರ ಕಡಿಮೆ. ಒಂಬತ್ತೂವರೆಯಿಂದ ಹನ್ನೊಂದರ ನಡುವೆ ಬಿಸಿಲು ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಆ ಒಂದೂವರೆ ಗಂಟೆಯನ್ನು ಬಿಡಬೇಡಿ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದಿರುವುದರಿಂದ ಎಡಗಡೆಯಿಂದಲೂ ಬೆಳಕು ಸವರುತ್ತದೆ. ಮಧ್ಯಾಹ್ನದ ನಂತರ ಪೂರ್ತಿ ನೆರಳು.

ಗುಡ್ಡದ ಮೇಲಿನ ಮಹಿಷಮರ್ದಿನಿ ಗುಹೆಯೂ ಪೂರ್ವಾಭಿಮುಖ. ಆದರೆ ಶಿಲ್ಪಗಳಿರುವುದು ಪಕ್ಕದ ಗೋಡೆಗಳಲ್ಲಿ: ಉತ್ತರಕ್ಕೆ ದುರ್ಗೆ, ದಕ್ಷಿಣಕ್ಕೆ ಅನಂತಶಯನ. ಹಾಗಾಗಿ ಇಲ್ಲಿ ಬೆಳಗಿನ ಬಿಸಿಲೇ ಓರೆ ಬಿಸಿಲು, ಏಳು ಏಳೂವರೆಗೆ ಅಲ್ಲಿರಬೇಕು. ಡಿಸೆಂಬರ್–ಜನವರಿಯಲ್ಲಿ ದುರ್ಗೆಯ ಕಡೆಗೆ ಬೆಳಕು ಹೆಚ್ಚು, ಮೇ–ಜೂನ್‌ನಲ್ಲಿ ವಿಷ್ಣುವಿನ ಕಡೆಗೆ. ವರಾಹ ಗುಹೆ ಪಶ್ಚಿಮಾಭಿಮುಖ, ಅದಕ್ಕೆ ಮಧ್ಯಾಹ್ನ ಮೂರೂವರೆಯ ನಂತರ ಹೋಗಿ. ಹನ್ನೆರಡು ಗಂಟೆಗೆ ಹೋದವರು ಕತ್ತಲ ಗುಹೆಯೊಳಗೆ ಇಣುಕಿ, ‘ಏನೂ ಇಲ್ಲ’ ಎಂದು ಇಳಿಯುತ್ತಾರೆ.

ಇನ್ನೊಂದು: ಕೋಲಾರಕ್ಕಿಂತ ಅಲ್ಲಿ ಸೂರ್ಯ ಸುಮಾರು ಎಂಟು ನಿಮಿಷ, ತುಮಕೂರಿಗಿಂತ ಹನ್ನೆರಡು ನಿಮಿಷ ಮೊದಲು ಹುಟ್ಟುತ್ತಾನೆ. ಸಂಜೆಯೂ ಅಷ್ಟೇ ಬೇಗ ಕತ್ತಲಾಗುತ್ತದೆ.

ಮಹಾಬಲಿಪುರದಲ್ಲಿ ಒಂದು ದಿನವಷ್ಟೇ ಇದೆ. ಯಾವುದರಿಂದ ಶುರು ಮಾಡಲಿ?

ಮೊದಲು ಗುಡ್ಡ ಹತ್ತಿ ಮಹಿಷಮರ್ದಿನಿ ಗುಹೆ. ಇಳಿದು ತಿಂಡಿ. ಒಂಬತ್ತೂವರೆಗೆ ದೊಡ್ಡ ಉಬ್ಬುಶಿಲ್ಪದ ಮುಂದೆ. ಅಲ್ಲಿಂದ ಎರಡು ಹೆಜ್ಜೆಗೆ ಕೃಷ್ಣ ಮಂಟಪ, ಬಿಸಿಲೇರುವ ಹೊತ್ತಿಗೆ ನೆರಳೂ ಸಿಗುತ್ತದೆ. ಒಳಗಿನ ಗೋವರ್ಧನದ ಶಿಲ್ಪದಲ್ಲಿ ಹಸು ಕರುವನ್ನು ನೆಕ್ಕುತ್ತಿರುವಾಗ ಗೊಲ್ಲ ಹಾಲು ಕರೆಯುತ್ತಿದ್ದಾನೆ. ಡೇರಿಗೆ ಹಾಲು ಹಾಕುವ ನಮ್ಮ ಕಡೆಯವರು ಆ ಕೈಯ ಹಿಡಿತ ನೋಡಿಯೇ ಸರಿ ತಪ್ಪು ಹೇಳಬಲ್ಲರು. ಮುಂದಿನ ಕಂಬದ ಮಂಟಪ ವಿಜಯನಗರ ಕಾಲದಲ್ಲಿ ಕಟ್ಟಿದ್ದು. ಹಿಂದಿನ ಬಂಡೆಯ ಶಿಲ್ಪ ಪಲ್ಲವರದ್ದು.

ಹನ್ನೆರಡರಿಂದ ಮೂರರವರೆಗೆ ಊಟ, ವಿಶ್ರಾಂತಿ. ಈ ಹೊತ್ತಿನಲ್ಲಿ ಪಂಚರಥಕ್ಕೆ ಹೋಗುವುದೇ ಸಾಮಾನ್ಯ ತಪ್ಪು. ಅದು ಮರಳಿನ ಬಯಲು, ನೆರಳು ಕಡಿಮೆ. ಮೂರೂವರೆಗೆ ವರಾಹ ಗುಹೆ, ನಾಲ್ಕೂಕಾಲಿಗೆ ಪಂಚರಥ, ಕೊನೆಗೆ ತೀರದ ದೇವಾಲಯ. ಬಾಗಿಲು ಹಾಕುವುದು ಸಂಜೆ ಆರಕ್ಕೆ. ಅದಕ್ಕೆ ಅರ್ಧ ಗಂಟೆ ಮೊದಲಾದರೂ ಒಳಗಿರಿ.

‘ಕೃಷ್ಣನ ಬೆಣ್ಣೆಯುಂಡೆ’ ಎನ್ನುವ ಗುಂಡುಬಂಡೆಯ ಮುಂದೆ ಕೈ ಚಾಚಿ ಫೋಟೊ ತೆಗೆಸಿಕೊಳ್ಳಲು ಸಮಯ ಉಳಿದರೆ ಸರಿ, ಉಳಿಯದಿದ್ದರೂ ನಷ್ಟವಿಲ್ಲ. ಅಂಥ ಬಂಡೆಗಳು ಮಧುಗಿರಿ ದಾರಿಯಲ್ಲಿ ಬೇಕಾದಷ್ಟಿವೆ.

ದೊಡ್ಡ ಉಬ್ಬುಶಿಲ್ಪ ಅರ್ಜುನನ ತಪಸ್ಸೋ, ಗಂಗಾವತರಣವೋ?

ಎರಡು ವಾದವೂ ಇವೆ, ಎರಡಕ್ಕೂ ಬಂಡೆಯಲ್ಲೇ ಆಧಾರವಿದೆ. ಒಂಟಿಕಾಲಲ್ಲಿ ಕೈ ಮೇಲೆತ್ತಿ ನಿಂತ, ಎಲುಬು ಕಾಣುವಷ್ಟು ಸೊರಗಿದ ತಪಸ್ವಿ, ಪಕ್ಕದಲ್ಲಿ ವರ ಕೊಡುವ ಶಿವ. ಅವನು ಅರ್ಜುನನೂ ಆಗಬಹುದು, ಭಗೀರಥನೂ ಆಗಬಹುದು. ಗಂಗೆಯ ಪರವಾದ ಗಟ್ಟಿ ಸಾಕ್ಷಿ ನಡುವಿನ ಸೀಳು. ಅದರಲ್ಲಿ ನಾಗ, ನಾಗಿಣಿಯರು ಮೇಲಕ್ಕೆ ಈಜುತ್ತಿದ್ದಾರೆ. ಮೇಲ್ಗಡೆ ನೀರು ನಿಲ್ಲಿಸುವ ವ್ಯವಸ್ಥೆಯ ಗುರುತಿದೆ, ಅಂದರೆ ಸೀಳಿನಲ್ಲಿ ನಿಜವಾಗಿ ನೀರು ಹರಿಸುತ್ತಿದ್ದಿರಬೇಕು.

ಅದು ಸುಮಾರು 27 ಮೀಟರ್ ಅಗಲ, 12 ಮೀಟರಿಗೂ ಮಿಕ್ಕ ಎತ್ತರ. ಹತ್ತಿರ ನಿಂತರೆ ಆನೆಗಳಷ್ಟೇ ಕಾಣುತ್ತವೆ. ಮೊದಲು ರಸ್ತೆಯಾಚೆ ನಿಂತು ಇಡಿಯಾಗಿ ನೋಡಿ: ಎಲ್ಲರೂ, ಎಲ್ಲವೂ ಸೀಳಿನ ಕಡೆಗೇ ಸಾಗುತ್ತಿದ್ದಾರೆ. ಆಮೇಲೆ ಹತ್ತಿರ ಬಂದು ದೊಡ್ಡ ಆನೆಯ ದಂತದ ಕೆಳಗೆ ಹುಡುಕಿ. ಒಂದು ಬೆಕ್ಕು ತಪಸ್ವಿಯಂತೆಯೇ ಮುಂಗಾಲೆತ್ತಿ ನಿಂತಿದೆ, ಸುತ್ತ ಇಲಿಗಳು. ಕಳ್ಳ ಸನ್ಯಾಸಿಯ ಕಥೆ. ಮಕ್ಕಳಿಗೆ ತೋರಿಸಬೇಡಿ, ಅವರೇ ಹುಡುಕಲಿ. ಹಿಂಗಾಲಿನಿಂದ ಮೂತಿ ಕೆರೆದುಕೊಳ್ಳುವ ಜಿಂಕೆಯೂ ಇದೆ.

ಇದೇ ವಿಷಯದ ಇನ್ನೊಂದು ಉಬ್ಬುಶಿಲ್ಪ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಅರ್ಧಕ್ಕೆ ನಿಂತಿದೆ. ಗೈಡ್‌ಗಳು ಸಾಮಾನ್ಯವಾಗಿ ಅಲ್ಲಿಗೆ ಕರೆದೊಯ್ಯುವುದಿಲ್ಲ. ಕೇಳಿ ಹೋಗಿ.

ಪಂಚರಥಗಳು ಅಪೂರ್ಣ ಅಂತಾರೆ. ಹಾಗಾದರೆ ನೋಡುವುದೇನು?

ಅಪೂರ್ಣವಾದ್ದರಿಂದಲೇ ನೋಡಬೇಕು. ಮುಗಿದ ಗುಡಿ ತನ್ನ ಕೆಲಸದ ಗುರುತನ್ನು ಅಳಿಸಿಬಿಡುತ್ತದೆ. ಇಲ್ಲಿ ಅದು ಉಳಿದಿದೆ. ಭೀಮ ರಥವನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ: ಸೂರು ನುಣುಪು, ಬುಡ ಒರಟು. ಅಂದರೆ ಕೆಲಸ ನಡೆದದ್ದು ಮೇಲಿನಿಂದ ಕೆಳಕ್ಕೆ. ಸಾರವೆ ಕಟ್ಟುವ ಗೋಜು ಕಡಿಮೆ, ಕೆಳಗೆ ಮುಗಿಸಿದ್ದರ ಮೇಲೆ ಕಲ್ಲು ಬೀಳುವ ಭಯವೂ ಇಲ್ಲ. ಆದರೆ ಮೇಲೆ ಒಂದು ಗೇಣು ತಪ್ಪಿದರೆ ಕೆಳಗೆ ಸರಿಪಡಿಸಲು ಕಲ್ಲೇ ಇರುವುದಿಲ್ಲ.

ಉತ್ತರದಿಂದ ಸಾಲಾಗಿ ದ್ರೌಪದಿ, ಅರ್ಜುನ, ಭೀಮ, ಧರ್ಮರಾಜ. ನಾಲ್ಕೂ ಒಂದೇ ಉದ್ದ ಬಂಡೆಯಿಂದ ಎದ್ದವು. ನಕುಲ–ಸಹದೇವ ಪಕ್ಕಕ್ಕಿದೆ. ಹೆಸರುಗಳು ಆಮೇಲೆ ಬಂದವು, ಪಾಂಡವರಿಗೂ ಇವಕ್ಕೂ ಸಂಬಂಧವಿಲ್ಲ. ಒಂದರಂತೆ ಒಂದಿಲ್ಲ ಎಂಬುದೇ ಇಲ್ಲಿನ ವಿಶೇಷ. ದ್ರೌಪದಿಯದು ಹುಲ್ಲುಮಾಡಿನ ಗುಡಿಸಲಿನ ಆಕಾರ, ಒಳಗೆ ದುರ್ಗೆ, ಪಾದದ ಬಳಿ ತನ್ನ ತಲೆಯನ್ನೇ ಅರ್ಪಿಸಲು ಹೊರಟ ಭಕ್ತ. ಭೀಮನದು ಗಾಡಿಯ ಕಮಾನಿನ ಸೂರು. ಧರ್ಮರಾಜನದು ಅಂತಸ್ತು ಅಂತಸ್ತಾಗಿ ಏರುವ ಶಿಖರ, ಅಂದರೆ ವಿಮಾನ. ನಕುಲ–ಸಹದೇವ ಗಜಪೃಷ್ಠ. ಅದರ ಪಕ್ಕದಲ್ಲೇ ನಿಜಗಾತ್ರದ ಕಲ್ಲಾನೆ ನಿಂತಿದೆ. ಆನೆಯ ಹಿಂಬದಿ, ಗುಡಿಯ ಹಿಂಬದಿ ಎರಡೂ ಒಟ್ಟಿಗೆ ಕಾಣುವ ಕಡೆ ನಿಂತು ನೋಡಿ.

ಇಷ್ಟು ಗಟ್ಟಿ ಕಲ್ಲನ್ನು ಆ ಕಾಲದಲ್ಲಿ ಹೇಗೆ ಕೊರೆದರು?

ಕಬ್ಬಿಣದ ಉಳಿ, ಸುತ್ತಿಗೆ, ತಾಳ್ಮೆ. ಮಹಾಬಲಿಪುರದ ಅರ್ಧಕ್ಕೆ ಬಿಟ್ಟ ಗುಹೆಗಳ ಗೋಡೆ ನೋಡಿ: ಮೈಯನ್ನು ಚೌಕ ಚೌಕವಾಗಿ ಗೀಚಿ, ಗೆರೆಗಳನ್ನು ಆಳಕ್ಕೆ ಕೊರೆದು, ನಡುವೆ ಉಳಿದ ದಿಂಡುಗಳನ್ನು ಒಡೆದು ತೆಗೆದಿದ್ದಾರೆ. ಮತ್ತೆ ಗೀಚು, ಮತ್ತೆ ಒಡೆ. ಹೀಗೆ ಪದರ ಪದರವಾಗಿ ಒಳಗೆ ಹೋಗಿದ್ದಾರೆ.

ಬಂಡೆಗಳ ಮೇಲೆ ಸಾಲಾಗಿ ಕಾಣುವ ಬೆಣೆ ಗುಂಡಿಗಳು ಕಲ್ಲು ಸೀಳಲು ಮಾಡಿದವು. ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕೂಚ ಸೀಳುವುದನ್ನು ಕಂಡವರಿಗೆ ಹೇಳಬೇಕಿಲ್ಲ. ಅಲ್ಲಿನ ಬೆಣೆ ಗುಂಡಿಗಳೆಲ್ಲ ಪಲ್ಲವರ ಕಾಲದವು ಎಂದು ತಿಳಿಯಬೇಡಿ, ಆಮೇಲೆ ಕಲ್ಲು ಒಡೆದವರ ಗುರುತೂ ಸೇರಿದೆ.

ಪಲ್ಲವ ಮಹೇಂದ್ರವರ್ಮ ತಮಿಳುನಾಡಿನ ಮಂಡಗಪಟ್ಟಿನ ಗುಹೆಯಲ್ಲಿ ಶಾಸನ ಕೆತ್ತಿಸಿ, ಇಟ್ಟಿಗೆ, ಮರ, ಲೋಹ, ಗಾರೆ ಯಾವುದೂ ಇಲ್ಲದೆ ಗುಡಿ ಮಾಡಿಸಿದೆ ಎಂದು ಹೇಳಿಕೊಂಡಿದ್ದಾನೆ. ಹೆಮ್ಮೆ ಸಲ್ಲುವಂಥದ್ದೇ.

ಉಳಿಯ ಕೆಲಸವನ್ನು ಕಣ್ಣಾರೆ ನೋಡಬೇಕಾದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ. ಶಿಲ್ಪಿಗಳ ಊರು ಅದು. ಈಗ ಯಂತ್ರವೂ ಬಂದಿದೆ, ಆದರೆ ಮುಖ, ಬೆರಳು ಬಿಡಿಸುವಾಗ ಕೈಯುಳಿಯೇ.

ಬಾದಾಮಿಯ ಶಿಲ್ಪದಲ್ಲಿ ಇರುವಷ್ಟು ಆಭರಣ, ಕುಸುರಿ ಮಹಾಬಲಿಪುರದಲ್ಲಿ ಏಕಿಲ್ಲ?

ಕಲ್ಲು ಬೇರೆ. ಬಾದಾಮಿಯದು ಮರಳುಗಲ್ಲು, ಉಳಿಗೆ ಬಾಗುತ್ತದೆ. ಆಳಕ್ಕೆ ಕೊರೆಯಬಹುದು, ಮಣಿ ಮಣಿಯಾಗಿ ಬಿಡಿಸಬಹುದು. ಆದರೆ ಪದರದ ಕಲ್ಲಾದ್ದರಿಂದ ನೀರು ಇಳಿದಲ್ಲಿ ಹೊಪ್ಪಳೆ ಏಳುತ್ತದೆ. ಮಹಾಬಲಿಪುರದ್ದು ನಮ್ಮ ಕಡೆಯಂತೆ ಗ್ರಾನೈಟ್ ಜಾತಿಯ ಕಲ್ಲು. ಸಣ್ಣ ಕುಸುರಿಗೆ ಹೋದರೆ ಚಕ್ಕೆ ಹಾರುತ್ತದೆ. ಅದಕ್ಕೇ ಅಲ್ಲಿನವರು ಮೈಯ ಭಂಗಿ, ತೂಕ, ಚಲನೆಯ ಮೇಲೆ ಗಮನ ಇಟ್ಟಿದ್ದಾರೆ. ಎಲ್ಲೋರದ ಕೈಲಾಸ ಇರುವುದು ಬಸಾಲ್ಟ್ ಎಂಬ ಲಾವಾ ಕಲ್ಲಿನಲ್ಲಿ, ಅದರ ಲೆಕ್ಕವೇ ಬೇರೆ.

ಬಾದಾಮಿಯಲ್ಲಿ ಏನು ನೋಡಬೇಕು? ಎಷ್ಟು ಹೊತ್ತು ಬೇಕು?

ನಾಲ್ಕು ಗುಹೆಗೆ ಎರಡೂವರೆಯಿಂದ ಮೂರು ಗಂಟೆ. ಒಂದನೆಯದರ ಹೊರಗೆ ಬಲಕ್ಕೆ ಹದಿನೆಂಟು ಕೈಗಳ ನಟರಾಜ. ಕೈಗಳನ್ನು ಜೋಡಿ ಜೋಡಿಯಾಗಿ ನೋಡಿದರೆ ನೃತ್ಯದ ಒಂದೊಂದು ನಿಲುವು ಬಿಡಿಬಿಡಿಯಾಗಿ ತಿಳಿಯುತ್ತದೆ. ಎರಡು, ಮೂರನೆಯವು ವಿಷ್ಣುವಿನವು. ನಾಲ್ಕನೆಯದು ಜೈನ ಗುಹೆ, ಪಾರ್ಶ್ವನಾಥ, ಬಾಹುಬಲಿ ಇದ್ದಾರೆ. ಆಯಾಸವಾಗಿ ಎಲ್ಲವನ್ನೂ ನೋಡಲು ಆಗದಿದ್ದರೆ ಮೂರನೆಯದಕ್ಕೆ ಮಾತ್ರ ಶಕ್ತಿ ಉಳಿಸಿಕೊಳ್ಳಿ. ಹಾವಿನ ಮೇಲೆ ಮಲಗದೆ ಕುಳಿತ ವಿಷ್ಣು ಅಲ್ಲಿದ್ದಾನೆ. ಕಂಬದ ತಲೆಯ ಬೋದಿಗೆಗಳಲ್ಲಿ ಗಂಡುಹೆಣ್ಣಿನ ಜೋಡಿಗಳಿವೆ, ಕತ್ತೆತ್ತದವರಿಗೆ ಕಾಣುವುದಿಲ್ಲ. ಮಂಗಳೇಶನ ಕನ್ನಡ ಶಾಸನವೂ ಅಲ್ಲೇ, ಕನ್ನಡದ ಬಹು ಹಳೆಯ ಶಾಸನಗಳಲ್ಲೊಂದು.

ಮಧ್ಯಾಹ್ನಕ್ಕೆ ಐಹೊಳೆಯ ರಾವಣಫಡಿ ಸೇರಿಸಿಕೊಳ್ಳಿ, ಸುಮಾರು 35 ಕಿ.ಮೀ. ಸಪ್ತಮಾತೃಕೆಯರ ನಡುವೆ ಶಿವ ಕುಣಿಯುವ ಶಿಲ್ಪ ಅಲ್ಲಿನದು. ಕೋಲಾರಮ್ಮನ ಗುಡಿಯಲ್ಲಿ ಕುಳಿತ ಸಪ್ತಮಾತೃಕೆಯರನ್ನು ಕಂಡವರಿಗೆ ಇವರು ಕುಣಿಯಲು ಎದ್ದು ನಿಂತದ್ದು ಸೋಜಿಗವೆನಿಸೀತು. ಪಟ್ಟದಕಲ್ಲು ದಾರಿಯಲ್ಲೇ ಸಿಗುತ್ತದೆ, ಆದರೆ ಅದು ಕಟ್ಟಿದ ಗುಡಿಗಳ ಊರು. ಅದಕ್ಕೆ ಬೇರೆ ದಿನ ಕೊಡಿ.

ಯಾವ ದೇವರು ಎಂದು ಗುರುತಿಸುವುದು ಹೇಗೆ?

ಮುಖ ನೋಡಬೇಡಿ. ಕಾಲು, ವಾಹನ, ಕೈಯಲ್ಲಿರುವುದು, ಈ ಕ್ರಮದಲ್ಲಿ ನೋಡಿ. ಒಂದು ಕಾಲು ಆಕಾಶಕ್ಕೆ ಚಾಚಿದ್ದರೆ ತ್ರಿವಿಕ್ರಮ. ಹಂದಿಯ ಮುಖವಿದ್ದರೆ ವರಾಹ, ಭೂದೇವಿ ಎಲ್ಲಿದ್ದಾಳೆ ನೋಡಿ: ಬಾದಾಮಿಯಲ್ಲಿ ಅಂಗೈಯ ತಾವರೆಯ ಮೇಲೆ, ಮಹಾಬಲಿಪುರದಲ್ಲಿ ತೊಡೆಯ ಮೇಲೆ. ಮೈ ಅರ್ಧಕ್ಕೆ ಸೀಳಿದಂತೆ ಎರಡು ಬಗೆಯ ಕಿರೀಟ, ಎರಡು ಬಗೆಯ ಆಯುಧ ಇದ್ದರೆ ಹರಿಹರ. ಒಂದು ಬದಿ ಹೆಣ್ಣಾಗಿದ್ದರೆ ಅರ್ಧನಾರೀಶ್ವರ.

ದುರ್ಗೆಯನ್ನು ಹೋಲಿಸಿ ನೋಡುವುದು ಹೆಚ್ಚು ರುಚಿ. ನಂದಿಯ ಜಾಲಂದ್ರದಲ್ಲೂ ಮಹಾಬಲಿಪುರದ ತ್ರಿಮೂರ್ತಿ ಗುಹೆಯಲ್ಲೂ ಅವಳು ಕೋಣನ ತಲೆಯ ಮೇಲೆ ಶಾಂತವಾಗಿ ನಿಂತಿದ್ದಾಳೆ; ಯುದ್ಧ ಮುಗಿದಿದೆ. ಮಹಿಷಮರ್ದಿನಿ ಗುಹೆಯಲ್ಲಿ ಯುದ್ಧ ಇನ್ನೂ ನಡೆಯುತ್ತಿದೆ. ಸಿಂಹದ ಮೇಲೆ ಕುಳಿತು ಬಿಲ್ಲೆಳೆದಿದ್ದಾಳೆ, ಕೋಣತಲೆಯ ಅಸುರ ಗದೆ ಹಿಡಿದೇ ಹಿಂದಕ್ಕೆ ವಾಲಿದ್ದಾನೆ. ಸೋಲು ಮೈಯಲ್ಲಿ ಬಂದಿದೆ, ಮುಖಕ್ಕಿನ್ನೂ ಬಂದಿಲ್ಲ.

ಮೊಬೈಲಿನಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ. ಏನು ಮಾಡಲಿ?

ಫ್ಲ್ಯಾಷ್ ಆರಿಸಿ. ಅದು ಎದುರಿನ ಬೆಳಕು, ಶಿಲ್ಪವನ್ನು ಚಪ್ಪಟೆ ಮಾಡುತ್ತದೆ. ಕತ್ತಲಿದ್ದರೆ ಜೊತೆಗಾರರು ಪಕ್ಕಕ್ಕೆ ನಿಂತು ಗೋಡೆಗೆ ಓರೆಯಾಗಿ ಟಾರ್ಚ್ ಹಿಡಿಯಲಿ, ನೀವು ಎದುರು ನಿಂತು ತೆಗೆಯಿರಿ. ಸವೆದ ಶಾಸನ ಓದಲೂ ಇದೇ ಉಪಾಯ. ಬಿಸಿಲು ಬಿದ್ದ ಭಾಗವನ್ನು ತೆರೆಯ ಮೇಲೆ ಒತ್ತಿ, ಬೆಳಕನ್ನು ತುಸು ತಗ್ಗಿಸಿ. ಹತ್ತಿರ ಹೋಗಿ ಅಗಲದ ಲೆನ್ಸಿನಲ್ಲಿ ತೆಗೆದರೆ ಕಂಬ ವಾಲುತ್ತದೆ, ತಲೆ ಊದುತ್ತದೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಹಾಕಿ.

ಅರಳಗುಪ್ಪೆಯಂಥ ಒಳಮಾಳಿಗೆಗೆ ಮೊಬೈಲನ್ನು ನೆಲದ ಮೇಲೆ ಅಂಗಾತ ಇಟ್ಟು, ಸೆಲ್ಫಿ ಕ್ಯಾಮೆರಾ ಮತ್ತು ಟೈಮರ್ ಬಳಸಿ. ಟ್ರೈಪಾಡ್, ಡ್ರೋನ್‌ಗೆ ಮುಂಚಿತ ಅನುಮತಿ ಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗುಡಿಯ ಫೋಟೊ ಬೇಡ.

ಮುಟ್ಟಿದರೆ ಏನಾಗುತ್ತದೆ? ಅರಿಸಿನ ಕುಂಕುಮ ಹಚ್ಚಬಹುದೆ?

ಒಬ್ಬರು ಮುಟ್ಟಿದರೆ ಏನೂ ಆಗುವುದಿಲ್ಲ. ಎಲ್ಲರೂ ಅದೇ ಮೊಣಕಾಲು, ಅದೇ ಸೊಂಡಿಲು ಮುಟ್ಟುತ್ತಾರೆ. ಕೈಯ ಜಿಡ್ಡು ಧೂಳನ್ನು ಹಿಡಿಯುತ್ತದೆ, ಮರಳುಗಲ್ಲಿನ ಕಣ ಉದುರುತ್ತದೆ. ಎಣ್ಣೆ, ಅರಿಸಿನ ಹಚ್ಚಿದರೆ ಉಳಿಯ ಗುರುತು ಮುಚ್ಚಿಹೋಗುತ್ತದೆ, ತೊಳೆಯಲು ಹೋದರೆ ಕಲ್ಲೇ ಸವೆಯುತ್ತದೆ. ಶಾಸನ ಓದಲು ಸೀಮೆಸುಣ್ಣ ಸವರುವ ಹಳೆಯ ಚಾಳಿಯೂ ಬೇಡ. ಭಕ್ತಿ ಇದ್ದವರು ಕೈಮುಗಿದರೆ ಸಾಕು. ಪೂಜೆ ಮಾಡಿಸಬೇಕೆಂದರೆ ಮಹಾಬಲಿಪುರದ ಊರೊಳಗಿನ ಸ್ಥಳಶಯನ ಪೆರುಮಾಳ್ ಗುಡಿಯಲ್ಲಿ ಪೂಜೆ ನಡೆಯುತ್ತದೆ.

ರಕ್ಷಿತ ಸ್ಮಾರಕವನ್ನು ಕೆಡಿಸಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ, 2010ರ ತಿದ್ದುಪಡಿಯಂತೆ, ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೆಸರು ಕೆತ್ತುವುದೂ ಇದಕ್ಕೆ ಸೇರುತ್ತದೆ.

ಟಿಕೆಟ್?

ಮಹಾಬಲಿಪುರದಲ್ಲಿ ಭಾರತೀಯರಿಗೆ 40 ರೂಪಾಯಿ, ಆನ್‌ಲೈನಿನಲ್ಲಿ ತುಸು ಕಡಿಮೆ. ಬಾದಾಮಿ ಗುಹೆಗಳಿಗೆ 25. ಹದಿನೈದು ವರ್ಷದೊಳಗಿನವರಿಗೆ ಇಲ್ಲ. ದರ ಆಗಾಗ ಬದಲಾಗುತ್ತದೆ, ಹೊರಡುವ ಮುನ್ನ ಪುರಾತತ್ವ ಇಲಾಖೆಯ ತಾಣದಲ್ಲಿ ನೋಡಿಕೊಳ್ಳಿ. ಮಹಾಬಲಿಪುರದಲ್ಲಿ ಒಂದೇ ಟಿಕೆಟ್ ಆ ದಿನ ಪಂಚರಥ, ತೀರದ ದೇವಾಲಯ ಎರಡಕ್ಕೂ ನಡೆಯುತ್ತದೆ. ಮೊದಲ ಕಡೆ ತೋರಿಸಿ ಬಿಸಾಡಿ, ಎರಡನೆಯ ಕಡೆ ಮತ್ತೆ ಕೊಳ್ಳುವವರು ದಿನವೂ ಇದ್ದಾರೆ.

ಅಪ್ಪ ಅಮ್ಮನಿಗೆ ಮಂಡಿನೋವು. ಕರೆದುಕೊಂಡು ಹೋಗಬಹುದೆ?

ಮಹಾಬಲಿಪುರಕ್ಕೆ ಧಾರಾಳವಾಗಿ. ದೊಡ್ಡ ಉಬ್ಬುಶಿಲ್ಪ, ಕೃಷ್ಣ ಮಂಟಪ ರಸ್ತೆಯ ಬದಿಯಲ್ಲೇ. ಪಂಚರಥದಲ್ಲಿ ಮರಳಿದೆ, ಏರು ಇಲ್ಲ. ಮಹಿಷಮರ್ದಿನಿ ಗುಹೆಗೆ ಮಾತ್ರ ಹತ್ತಬೇಕು. ಬಾದಾಮಿಯಲ್ಲಿ ಮೆಟ್ಟಿಲು ಎತ್ತರ, ಸವೆದಿವೆ. ಒಂದನೆಯ ಗುಹೆ ತೋರಿಸಿ, ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ಕೂರಿಸಿ ಬನ್ನಿ. ಹತ್ತಿರದಲ್ಲೇ ಒಂದು ದಿನದ್ದು ಬೇಕೆಂದರೆ ಲೇಪಾಕ್ಷಿ. ಚಿಕ್ಕಬಳ್ಳಾಪುರದಿಂದ ಸುಮಾರು 65 ಕಿ.ಮೀ., ಒಂದೇ ಬಂಡೆಯ ನಂದಿಯ ಹತ್ತಿರಕ್ಕೆ ಕಾರೇ ಹೋಗುತ್ತದೆ, ಗುಡಿಯ ಹಿಂದೆ ಏಳು ಹೆಡೆಯ ನಾಗನನ್ನೂ ಒಂದೇ ಬಂಡೆಯಲ್ಲಿ ಬಿಡಿಸಿದ್ದಾರೆ.

ಗೈಡ್ ಬೇಕೆ?

ಮೊದಲ ಸಲಕ್ಕೆ ಬೇಕು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದ್ದವರನ್ನು ಹಿಡಿಯಿರಿ, ಎಷ್ಟು ಜಾಗ, ಎಷ್ಟು ಹೊತ್ತು, ಎಷ್ಟು ದುಡ್ಡು ಎಂಬ ಮೂರನ್ನೂ ಮೊದಲೇ ಮಾತಾಡಿ. ಮಹಾಬಲಿಪುರದಲ್ಲಿ ಕನ್ನಡ ಸಿಗುವುದು ಅಪರೂಪ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಕಲಿತ ಕೋಲಾರದವರಿಗೆ ಇದು ಸಮಸ್ಯೆಯೇ ಅಲ್ಲ.

ಮಂಗಗಳ ಕಾಟ?

ಬಾದಾಮಿಯಲ್ಲೂ ಶಿವಗಂಗೆಯಲ್ಲೂ ಜೋರು. ಪ್ಲಾಸ್ಟಿಕ್ ಕವರಿನ ಸದ್ದೇ ಅವಕ್ಕೆ ಕರೆ. ತಿಂಡಿಯನ್ನು ಬಟ್ಟೆ ಚೀಲದೊಳಗಿಟ್ಟು ಜಿಪ್ ಎಳೆಯಿರಿ, ಕೈಯಲ್ಲಿ ನೀರಿನ ಬಾಟಲಿ ಬಿಟ್ಟು ಬೇರೇನೂ ಬೇಡ. ತಲೆಗೆ ಎರಡು ಲೀಟರ್ ನೀರು ಲೆಕ್ಕ ಹಾಕಿ. ಕಸಿದುಕೊಂಡರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತವೆ. ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಮುಂದೆ ಎಲ್ಲೋರ, ಎಲಿಫೆಂಟಾ ನೋಡುವ ಆಸೆ ಇದೆ.

ಎಲ್ಲೋರಕ್ಕೆ ಮಂಗಳವಾರ ರಜೆ, ಅಜಂತಾ, ಎಲಿಫೆಂಟಾಕ್ಕೆ ಸೋಮವಾರ. ಟಿಕೆಟ್ ಕಾದಿರಿಸುವ ಮೊದಲು ಇದನ್ನು ನೋಡಿಕೊಳ್ಳಿ. ಎಲ್ಲೋರದ 16ನೆಯ ಸಂಖ್ಯೆಯ ಕೈಲಾಸ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ನೋಡಿದರೆ ಉಳಿದ ಗುಹೆಗಳು ರುಚಿಸುವುದಿಲ್ಲ.

ನಮ್ಮ ಹೊಲದ ಬದುವಿನಲ್ಲಿ ಕೆತ್ತಿದ ಕಲ್ಲೊಂದಿದೆ. ಅದೇನು? ಏನು ಮಾಡಬೇಕು?

ಹೆಚ್ಚಾಗಿ ವೀರಗಲ್ಲು. ಸಾಮಾನ್ಯವಾಗಿ ಮೂರು ಪಟ್ಟಿಗಳಿರುತ್ತವೆ, ಕೆಳಗಿನಿಂದ ಮೇಲಕ್ಕೆ ಓದಬೇಕು: ಕಾಳಗ, ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಕಾಳಗದ ಪಟ್ಟಿಯಲ್ಲಿ ಹಸುಗಳಿದ್ದರೆ ತುರುಗೋಳಿನಲ್ಲಿ, ಅಂದರೆ ದನ ಸುಲಿಗೆಯ ಕಾಳಗದಲ್ಲಿ, ಸತ್ತವನು. ಕಂಬದಿಂದ ಬಳೆತೊಟ್ಟ ಕೈ ಹೊರಬಂದಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರವಿದೆಯೇ ಎಂದು ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ನೋಡಿ.

ಕಿತ್ತು ಬೇರೆಡೆ ನಿಲ್ಲಿಸಬೇಡಿ, ಬಣ್ಣ ಬಳಿಯಬೇಡಿ, ಜೆಸಿಬಿ ಬಂದಾಗ ಚಾಲಕನಿಗೆ ಮೊದಲೇ ತೋರಿಸಿ. ನಾಲ್ಕೂ ಮಗ್ಗುಲಿನ ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ಅಡಿಪಟ್ಟಿ, ಸರ್ವೆ ನಂಬರು ಸೇರಿಸಿ ಗ್ರಾಮ ಪಂಚಾಯಿತಿಗೂ ರಾಜ್ಯ ಪುರಾತತ್ವ ಇಲಾಖೆಗೂ ಬರೆದು ತಿಳಿಸಿ. ಅರ್ಧ ಹೂತಿದ್ದರೆ ಅಗೆಯದೆ ಹಾಗೇ ಬಿಡಿ. ಮಣ್ಣಿನೊಳಗಿನ ಭಾಗದಲ್ಲೇ ಅಕ್ಷರ ಚೆನ್ನಾಗಿ ಉಳಿದಿರುವ ಸಂಭವ ಹೆಚ್ಚು, ಗುದ್ದಲಿಯ ಒಂದು ಏಟಿಗೆ ಸಾಲೇ ಹೋಗಬಹುದು.